ಕೇಳಿಸಲಿಲ್ಲ ಎಂದವಳು

ನಮ್ಮ ಊರಿನಲ್ಲಿ ಆಡಿದ ಮಾತು ಆಡಿದ ಜಾಗದಲ್ಲೇ ಉಳಿದುಕೊಳ್ಳುತ್ತದೆ. ಮೂರು ದಿನಕ್ಕೋ ಮೂರು ವರ್ಷಕ್ಕೋ, ಅದಕ್ಕೆ ಮನಸ್ಸು ಬಂದಾಗ, ಅದೇ ಜಾಗದಲ್ಲಿ ಮತ್ತೆ ಕೇಳಿಸುತ್ತದೆ. ಹಾಗಾಗಿ ನಮ್ಮವರು ಜಗಳವಾಡಬೇಕೆಂದರೆ ಊರಾಚೆಯ ಕಲ್ಲುಗಣಿಗೆ ಹೋಗುತ್ತಾರೆ. ಅಂಗಡಿ ಬಾಡಿಗೆಗೆ ಹಿಡಿಯುವವರು ಮೊದಲು ಒಂದು ವಾರ ಖಾಲಿ ಮಳಿಗೆಯಲ್ಲಿ ಸುಮ್ಮನೆ ಕೂತು ಕಿವಿಗೊಡುತ್ತಾರೆ, ಹಿಂದಿನವನು ಎಂಥ ಮನುಷ್ಯನೆಂದು ತಿಳಿಯಬೇಕಲ್ಲ. ಗಂಡ ತೀರಿಕೊಂಡ ಹೆಂಗಸರು ಅಡುಗೆಮನೆಯ ಬಾಗಿಲಿಗೆ ಒರಗಿ ಕಾಯುವುದುಂಟು. "ಸಾರಿಗೆ ಉಪ್ಪು ಜಾಸ್ತಿ ಆಯ್ತು" ಎಂಬ ಹಳೆಯ ಬೈಗುಳ ಮರಳಿ ಬಂದ ದಿನ ಅವರ ಮುಖ ನೋಡಬೇಕು.

ಹೀಗೆ ಮಾತು ಮರಳಿದಾಗ ಪಕ್ಕದವರನ್ನು "ಕೇಳಿಸ್ತಾ?" ಎಂದು ವಿಚಾರಿಸುವುದು ಪದ್ಧತಿ. "ಕೇಳಿಸ್ತು" ಎನ್ನುವುದು ಅದಕ್ಕೆ ಉತ್ತರ. ನಿಜಕ್ಕೂ ಕೇಳಿಸಿರಲಿ ಬಿಡಲಿ, ಉತ್ತರ ಅದೊಂದೇ. ಮರಳುವ ಮಾತು ತೆಳ್ಳಗಿರುತ್ತದೆ, ಹತ್ತಿರ ನಿಂತವನಿಗೆ ಕೇಳಿಸಿದ್ದು ಎರಡು ಮಾರು ಆಚೆ ನಿಂತವನಿಗೆ ಕೇಳಿಸುವುದಿಲ್ಲ. ಹಾಗೆಂದು ಗಂಡನ ದನಿ ಬಂತೆಂದು ಕಣ್ಣೊರೆಸಿಕೊಳ್ಳುತ್ತಿರುವವಳ ಎದುರು ನಿಂತು "ನನಗೇನೂ ಕೇಳಿಸಲಿಲ್ಲವಲ್ಲ" ಎನ್ನುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ಆ ಮಾತಿಗೆ ನಮ್ಮಲ್ಲಿ ಇರುವುದು ಒಂದೇ ಉಪಯೋಗ. ಅಣ್ಣತಮ್ಮಂದಿರು ಬೇರೆಯಾಗುವಾಗ, ಗಂಡ ಹೆಂಡತಿ ಒಬ್ಬರನ್ನೊಬ್ಬರು ಬಿಡುವಾಗ, ನಾಲ್ಕು ಜನರೆದುರು ಒಬ್ಬರು "ಕೇಳಿಸ್ತಾ?" ಎಂದರೆ ಇನ್ನೊಬ್ಬರು "ಕೇಳಿಸಲಿಲ್ಲ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಅವರಿಬ್ಬರೂ ಒಂದೇ ಸೂರಿನ ಕೆಳಗೆ ಮಲಗುವ ಹಾಗಿಲ್ಲ.

ನಾನು ಓಂಕಾರಪ್ಪ, ಈ ಊರಿಗೆ ನೀರು ಬಿಡುವವನು. ದಿನ್ನೆಯ ಮೇಲೆ ಕಲ್ಲಿನ ಟ್ಯಾಂಕು ಇದೆ, ಅಲ್ಲಿಂದ ಏಳು ಬೀದಿಗೆ ಏಳು ವಾಲ್ವು. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಬೀದಿಯ ಕೊನೆಯ ಮನೆಯ ನಲ್ಲಿಯಲ್ಲೂ ಬಿಂದಿಗೆ ತುಂಬುತ್ತದೆ ಎಂಬುದು ನನ್ನ ಕೈಗೆ ಗೊತ್ತು, ನನ್ನನ್ನು ಕೇಳಿದರೆ ಹೇಳಲು ಬರುವುದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ನನ್ನ ಹೆಂಡತಿ ಹಾಲಮ್ಮ. ಮಾತು ಉಳಿದುಬಿಡುವ ಊರಿನಲ್ಲಿ ಮಾತು ಕಡಿಮೆ ಇರುವ ಹೆಣ್ಣಿಗೆ ಒಳ್ಳೆಯ ಹೆಸರು, ಆ ಲೆಕ್ಕದಲ್ಲಿ ನನಗೆ ಊರಿಗೇ ಒಳ್ಳೆಯ ಹೆಂಡತಿ ಸಿಕ್ಕಿದ್ದಳು. ಏಳು ವರ್ಷದ ಸಂಸಾರದಲ್ಲಿ "ಊಟಕ್ಕೆ ಬನ್ನಿ", "ಸೋಪು ಮುಗಿದಿದೆ" ಎಂಬ ಎರಡು ಮಾತಿನಾಚೆ ಅವಳು ಬಹಳ ದೂರ ಹೋದವಳಲ್ಲ. ಪ್ರೀತಿ ಇತ್ತೋ ಇಲ್ಲವೋ ನಾನು ಯೋಚಿಸಿದವನೂ ಅಲ್ಲ. ಬೆಳಗಾದರೆ ನೀರು ಬಿಡಬೇಕಿತ್ತು.

ಮೊದಲ ಸಲ ಅದು ಬಂದದ್ದು ಗಾಣಿಗರ ಬೀದಿಯ ವಾಲ್ವಿನ ಗುಂಡಿಯಲ್ಲಿ. ಬಗ್ಗಿ ತಿರುಗಿಸುತ್ತಿದ್ದೆ. ಹಿಂದಿನಿಂದ ಒಬ್ಬ ಗಂಡಸು ಬಹಳ ಸಮಾಧಾನವಾಗಿ, "ನೀರಿಗೆ ವಿಷ ಬೆರೆಸಿದವನು ಇವನೇ" ಎಂದ. ತಿರುಗಿ ನೋಡಿದರೆ ಯಾರೂ ಇಲ್ಲ. ನಮ್ಮೂರಿನಲ್ಲಿ ಇದಕ್ಕೆ ಬೆಚ್ಚುವವರಿಲ್ಲ, ಯಾರೋ ಯಾವಾಗಲೋ ಯಾರ ಬಗ್ಗೆಯೋ ಆಡಿದ್ದು ಮರಳಿದೆ ಎಂದುಕೊಂಡೆ. ಆದರೂ ನಲ್ಲಿಯ ಹತ್ತಿರ ನಿಂತಿದ್ದ ಪುಟ್ಟಮಲ್ಲಮ್ಮನನ್ನು ಪದ್ಧತಿಯಂತೆ "ಕೇಳಿಸ್ತಾ?" ಎಂದು ಕೇಳಿದೆ. "ಕೇಳಿಸ್ತು ಕಣಣ್ಣ" ಎಂದು ಬಿಂದಿಗೆ ಎತ್ತಿಕೊಂಡು ಹೋದಳು. ಅವಳು ಪಾಪ ಮರ್ಯಾದೆಗೆ ಹೇಳಿದ್ದಳು. ನನಗೆ ಮಾತ್ರ, ಆ ‘ಇವನು’ ನಾನೇ ಇರಬೇಕೆಂದು ಅವತ್ತಿನಿಂದ ಅನ್ನ ಇಳಿಯಲಿಲ್ಲ.

ಅದು ಮರುದಿನ ಪಕ್ಕದ ಬೀದಿಯಲ್ಲೂ ಬಂತು. ಆಮೇಲೆ ಚಹಾದಂಗಡಿಯಲ್ಲಿ, ಆಮೇಲೆ ಮನೆಯ ಬಚ್ಚಲಲ್ಲಿ. ಒಬ್ಬನಿದ್ದವನು ಇಬ್ಬರಾದರು. ನಾನು ಮಾಡುವುದನ್ನೆಲ್ಲ ಒಬ್ಬನು ಇನ್ನೊಬ್ಬನಿಗೆ ವರದಿ ಒಪ್ಪಿಸುವ ಹಾಗೆ, "ಈಗ ತಿರುಗಿಸ್ತಾನೆ ನೋಡು", "ತಿರುಗಿಸ್ದ". ನಾನು ಮನಸ್ಸಿನಲ್ಲಿ ಎಂದುಕೊಂಡದ್ದಕ್ಕೂ ಅವರು ಉತ್ತರ ಕೊಡುತ್ತಿದ್ದರು. ಉಳಿದ ಮಾತು ಜಾಗ ಬಿಟ್ಟು ನಡೆಯುವುದಿಲ್ಲ, ಆಡಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುವುದಿಲ್ಲ, ಕೇಳುವವನು ಯಾರೆಂಬುದು ಅದಕ್ಕೆ ತಿಳಿಯುವುದೂ ಇಲ್ಲ. ಇದು ನಮ್ಮೂರಿನ ಕೂಸಿಗೂ ಗೊತ್ತು. ನನಗೂ ಹೊಳೆಯಬೇಕಿತ್ತು. ಆದರೆ ನಾನು ಯಾರನ್ನು ಕೇಳಿದರೂ "ಕೇಳಿಸ್ತು" ಎನ್ನುತ್ತಿದ್ದರಲ್ಲ! ಮೇಷ್ಟರನ್ನು ಕೇಳಿದೆ, ಪೂಜಾರಪ್ಪನವರನ್ನು ಕೇಳಿದೆ, ಬಸ್ಸಿಗೆ ಕಾಯುತ್ತಿದ್ದ ಮದುವೆ ದಿಬ್ಬಣವನ್ನೇ ಕೇಳಿದೆ. ಊರಿಗೆ ಊರೇ ಕೇಳಿಸಿಕೊಂಡಿತ್ತು. ಕೇಳಿಸಿಕೊಂಡೂ ಯಾರೊಬ್ಬರೂ ನನ್ನ ಕೊರಳಪಟ್ಟಿ ಹಿಡಿಯಲಿಲ್ಲ, ಇದು ನಿಜವೇನೋ ಓಂಕಾರಿ ಎಂದು ಗದರಲಿಲ್ಲ. ಬೈದಿದ್ದರೆ ನಾನು ಇಷ್ಟು ಒಂಟಿಯಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವರಿಬ್ಬರೂ ಬಂದು ನನ್ನ ತಟ್ಟೆಯ ಪಕ್ಕದಲ್ಲೇ ಮಾತಾಡಿದರು. ನಾನು ಹಾಲಮ್ಮನ ಮುಖ ನೋಡಿ "ಕೇಳಿಸ್ತಾ?" ಎಂದೆ. ಅವಳು "ಕೇಳಿಸ್ತು" ಎಂದು ಇನ್ನೊಂದು ಸೌಟು ಸಾರು ಬಡಿಸಿದಳು. ತನ್ನ ಗಂಡ ಊರಿಗೆಲ್ಲ ವಿಷ ಹಾಕುವವನು ಎಂಬುದನ್ನು ಕಿವಿಯಾರೆ ಕೇಳಿ ಸಾರು ಬಡಿಸುವ ಹೆಂಡತಿ. ಅವತ್ತು ನನಗೆ ಆ ಮನೆಯಲ್ಲಿ ಯಾರೂ ಇಲ್ಲ ಅನ್ನಿಸಿತು. ಕೈ ತೊಳೆದುಕೊಳ್ಳದೆ ಎದ್ದು ಹೋದೆ.

ಅಲ್ಲಿಂದ ಮುಂದೆ ನಾನು ಇದ್ದ ಸ್ಥಿತಿಯನ್ನು ಈಗ ನೆನೆದರೆ ಬೇರೆ ಯಾರದೋ ಕಥೆ ಕೇಳಿದಂತಾಗುತ್ತದೆ. ನೀರು ಮೈಗೆ ಸೋಕಬಾರದೆಂದು ಸ್ನಾನ ಬಿಟ್ಟೆ. ನಲ್ಲಿಯ ಸಾಲಿನಲ್ಲಿ ಮೂರನೆಯದು ಕೆಂಪು ಬಿಂದಿಗೆಯಾದರೆ ಅದು ನನಗೇ ಕಳಿಸಿದ ಸೂಚನೆ ಎಂದು ನಂಬಿದೆ. ಮೇಷ್ಟರು ಕೆಮ್ಮಿದರೆ ಅದೂ ಸೂಚನೆ. ಮಾತು ಶುರುಮಾಡಿದರೆ ಅರ್ಧಕ್ಕೆ ದಾರಿ ತಪ್ಪಿ ಬೇರೆಲ್ಲೋ ಹೋಗಿ ನಿಲ್ಲುತ್ತಿತ್ತು, ಕೇಳುವವರು ತಲೆಯಾಡಿಸಿ ಜಾರಿಕೊಳ್ಳುತ್ತಿದ್ದರು. ನನ್ನನ್ನು ಎತ್ತಿ ಬೆಳೆಸಿದ ದೊಡ್ಡಪ್ಪ ತೀರಿಕೊಂಡರು. ಹೆಣದ ಮುಂದೆ ನಿಂತರೂ ನನಗೆ ದುಃಖವೇ ಬರಲಿಲ್ಲ. ದುಃಖ ಬರುವ ಜಾಗವೇ ಬತ್ತಿಹೋದಂತಿತ್ತು. ಹಾಲಮ್ಮ ಮಾತ್ರ ಅದನ್ನು ಗಮನಿಸಿದಳು. ಮನೆಗೆ ಬಂದ ಮೇಲೆ "ಯಾಕ್ರೀ ಅಳಲಿಲ್ಲ?" ಎಂದು ಕೇಳಿದಳು. ಅವಳು ನನ್ನನ್ನು ಏನಾದರೂ ಕೇಳಿದ್ದೇ ಅಪರೂಪ, ನಾನು ಎದ್ದು ಟ್ಯಾಂಕಿನ ಕಡೆ ಹೋದೆ.

ಕೊನೆಗೆ ಒಂದು ಸೋಮವಾರ ಏಳು ವಾಲ್ವುಗಳನ್ನೂ ಬಿಗಿಯಾಗಿ ಮುಚ್ಚಿದೆ. ವಾಲ್ವು ತಿರುಗಿಸುವ ಕಬ್ಬಿಣದ ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ಟ್ಯಾಂಕಿನ ಮೆಟ್ಟಿಲ ಮೇಲೆ ಕೂತೆ. ಊರನ್ನು ಉಳಿಸಬೇಕಿತ್ತು. ನಾನು ಯಾವಾಗ ಬೆರೆಸಿದೆ, ಯಾವ ವಿಷ ಬೆರೆಸಿದೆ ಎಂಬುದು ನನಗೇ ಗೊತ್ತಿರಲಿಲ್ಲ, ಆದರೆ ಊರೆಲ್ಲ ಕೇಳಿದೆ ಎಂದಮೇಲೆ ಬೆರೆಸಿಯೇ ಇರಬೇಕಲ್ಲ? ಮೊದಲ ದಿನ ಜನ ಬಂದು ವಿನಯವಾಗಿ ಕೇಳಿಕೊಂಡರು. ಎರಡನೆಯ ದಿನ ಕೌನ್ಸಿಲರ್ ಬಂದರು. ಮೂರನೆಯ ದಿನ ದಿನ್ನೆಯ ತುಂಬ ಖಾಲಿ ಕೊಡ ಹಿಡಿದ ಜನ, ಅವರ ಹಿಂದೆ ಹಗ್ಗ ಹಿಡಿದ ನಾಲ್ವರು ಗಂಡಸರು. ಅಷ್ಟರಲ್ಲಿ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಝೀನತ್ ಏದುಸಿರು ಬಿಡುತ್ತ ದಿನ್ನೆ ಹತ್ತಿ ಬಂದರು.

ಆಕೆ ಹೊರಗಿನವರು, ನಮ್ಮೂರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಹಗ್ಗದವರನ್ನು ದೂರ ಕಳಿಸಿ ನನ್ನಿಂದ ಎರಡು ಮೆಟ್ಟಿಲು ಕೆಳಗೆ ಕೂತರು. ನಾನು ಎಲ್ಲವನ್ನೂ ಹೇಳಿದೆ. ಆ ಇಬ್ಬರು ಆಗಲೂ ಮಾತಾಡುತ್ತಲೇ ಇದ್ದರು, ಅದಕ್ಕೇ "ಈಗ ಕೇಳಿಸ್ತಾ?" ಎಂದೆ. ಡಾಕ್ಟರು ಸ್ವಲ್ಪ ಹೊತ್ತು ಕಿವಿಗೊಟ್ಟು, "ಇಲ್ಲ ಓಂಕಾರಪ್ಪ, ನನಗೆ ಕೇಳಿಸಲಿಲ್ಲ" ಎಂದರು. ಕೆಳಗೆ ನಿಂತ ಜನ ಉಸಿರು ಎಳೆದುಕೊಂಡದ್ದು ನನಗೂ ಗೊತ್ತಾಯಿತು. ನನಗೆ ಅಂಥದ್ದೇನೂ ಆಗಲಿಲ್ಲ. ಹೊರಗಿನವರು, ರೀತಿ ರಿವಾಜು ತಿಳಿಯದವರು ಎಂದುಕೊಂಡೆ. ಅವರು ಎದ್ದುನಿಂತು ಜನರ ಕಡೆ ತಿರುಗಿದರು. ಈ ಊರಿನಲ್ಲಿ ದನಿ ಕೇಳುವುದು ಕಾಯಿಲೆಯಲ್ಲ ಎಂದು ತನಗೂ ಗೊತ್ತಾಗಿದೆ, ತನ್ನ ವಾರ್ಡಿನಲ್ಲೇ ಹಿಂದೆ ಇದ್ದು ಹೋದ ರೋಗಿಗಳು ನರಳಿದ್ದು ಕೇಳುತ್ತದೆ. ಆದರೆ ಇವನಿಗೆ ಕೇಳುವುದು ನಿಮ್ಮಲ್ಲಿ ಯಾರಿಗಾದರೂ ಒಮ್ಮೆಯಾದರೂ ನಿಜವಾಗಿ ಕೇಳಿಸಿದೆಯೇ, ಕೇಳಿಸಿಲ್ಲವಾದರೆ ಈಗ ಇವನೆದುರು ಹೇಳಿಬಿಡಿ, ಇವನಿಗೆ ಬೇಕಾಗಿರುವುದು ಅದೊಂದೇ ಮಾತು ಎಂದರು. ಒಬ್ಬರೂ ಬಾಯಿ ತೆರೆಯಲಿಲ್ಲ. ತೆರೆಯುವುದಾದರೂ ಹೇಗೆ? ನಾಲ್ಕು ಜನರೆದುರು ಆ ಮಾತು ಹೇಳಿದರೆ ನನ್ನ ಜೊತೆಗಿನ ನಂಟು ಅಲ್ಲೇ ಕಡಿಯಿತು. ಅವರಲ್ಲಿ ನನ್ನ ಸೋದರಮಾವ ಇದ್ದರು, ಜೊತೆಯಲ್ಲಿ ಓದಿದವರಿದ್ದರು. ಎಲ್ಲರೂ ಕೊಡದೊಳಗೆ ಏನೋ ಬಿದ್ದಿದೆ ಎಂಬಂತೆ ಕೆಳಗೆ ನೋಡುತ್ತ ನಿಂತರು.

ಜನರ ನಡುವೆ ದಾರಿ ಮಾಡಿಕೊಂಡು ಹಾಲಮ್ಮ ಬಂದಳು. ಅವಳ ಅಣ್ಣ ಪಾಲಾಕ್ಷಪ್ಪ ತೋಳು ಹಿಡಿದ, ಬಿಡಿಸಿಕೊಂಡಳು. ಮೆಟ್ಟಿಲ ಕೆಳಗೆ ನಿಂತು ನನ್ನನ್ನೇ ನೋಡುತ್ತ, "ಕೇಳ್ರೀ ನನ್ನ" ಎಂದಳು.

"ಕೇಳಿಸ್ತಾ, ಹಾಲಮ್ಮ?" ಎಂದೆ.

"ಇಲ್ಲ ರೀ. ಕೇಳಿಸಲಿಲ್ಲ" ಎಂದಳು. "ಅವತ್ತು ಊಟದ ಹೊತ್ನಾಗೂ ಕೇಳಿಸಿರಲಿಲ್ಲ. ಎಲ್ರೂ ಅಂದಂಗೆ ನಾನೂ ಅಂದ್ಬಿಟ್ಟೆ. ತಪ್ಪಾಯ್ತು" ಎಂದಳು.

ಪಾಲಾಕ್ಷಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಗಸರು ಅವಳಿಂದ ಒಂದು ಹೆಜ್ಜೆ ಹಿಂದೆ ಸರಿದರು. ನನಗೆ ಮೊದಲು ಬಂದ ಯೋಚನೆ, ಇವಳು ನನ್ನನ್ನು ಬಿಟ್ಟಳು ಎಂಬುದು. ಆ ಇಬ್ಬರೂ ಅದನ್ನೇ ಹೇಳಿ ನಕ್ಕರು. ಆಮೇಲೆ ನಿಧಾನವಾಗಿ, ಬಹಳ ಕಷ್ಟದಿಂದ, ಇನ್ನೊಂದು ಯೋಚನೆ ಬಂತು. ಮನೆ, ಮಾನ, ತಾಳಿ ಎಲ್ಲವನ್ನೂ ಊರೆದುರು ಕಳೆದುಕೊಂಡು ಯಾರಾದರೂ ಸುಳ್ಳು ಹೇಳುತ್ತಾರೆಯೇ? ಸುಮ್ಮನಿದ್ದಿದ್ದರೆ ಅವಳಿಗೆ ಏನೂ ಹೋಗುತ್ತಿರಲಿಲ್ಲ. ಹಾಗಾದರೆ ಅವಳಿಗೆ ನಿಜವಾಗಿಯೂ ಕೇಳಿಸಿಲ್ಲ. ಹಾಗಾದರೆ ಈ ಇಬ್ಬರು ಯಾರು? ಕೀಲಿಯನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಅದು ಭಾರವಾಗಿತ್ತು, ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನನ್ನನ್ನು ಬೇರೆ ಊರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು. ಎರಡು ತಿಂಗಳು ಇದ್ದೆ. ಆ ಊರಿನಲ್ಲಿ ಮಾತು ಆಡಿದ ಗಳಿಗೆಯಲ್ಲೇ ಮುಗಿದುಹೋಗುತ್ತದೆ, ಗೋಡೆಗಳು ಬರೀ ಗೋಡೆಗಳು. ಅಲ್ಲಿ ಆಡಿದವರಿಲ್ಲದೆ ಕೇಳಿದ ದನಿಯೆಲ್ಲ ನನ್ನದೇ. ಅಷ್ಟೊಂದು ನನ್ನದಿದೆ ಎಂದು ಗೊತ್ತಾದಾಗ ಹೆದರಿ ಎರಡು ದಿನ ಕಂಬಳಿಯಿಂದ ಹೊರಗೆ ಬರಲಿಲ್ಲ. ಝೀನತ್ ಡಾಕ್ಟರು ನೋಡಲು ಬಂದಾಗ ಬಿಡಿಸಿ ಹೇಳಿದರು. ಇದಕ್ಕೆ ಸ್ಕಿಜೋಫ್ರೀನಿಯಾ ಎನ್ನುತ್ತಾರೆ, ಕಿವಿಯದೇನೂ ತಪ್ಪಿಲ್ಲ, ತಲೆಯೊಳಗೆ ಹುಟ್ಟಿದ್ದೇ ಹೊರಗಿನಿಂದ ಬಂದಂತೆ ಕೇಳಿಸುತ್ತದೆ, ಕೇಳುವವನಿಗೆ ಅದು ನಿಜದಷ್ಟೇ ನಿಜ. ಇದು ಯಾರ ಶಾಪವೂ ಅಲ್ಲ, ನನ್ನ ಗುಣದ ದೋಷವೂ ಅಲ್ಲ. ಸಂಶಯ, ಸ್ನಾನ ಬಿಟ್ಟದ್ದು, ದೊಡ್ಡಪ್ಪನಿಗೆ ಅಳದೇ ಹೋದದ್ದು ಎಲ್ಲ ಇದರದೇ ಕೊಂಬೆಗಳು. ಮಾತ್ರೆಯನ್ನು ದಿನ ತಪ್ಪದೆ ನುಂಗಬೇಕು, ಚೆನ್ನಾಗಿದ್ದೇನೆ ಎಂದು ಬಿಟ್ಟರೆ ಮತ್ತೆ ಮೊದಲಿಗೆ ಬರುತ್ತದೆ. ದೊಡ್ಡಪ್ಪನ ವಿಷಯ ಕೇಳಿದಾಗ ನನಗೆ ಅಳು ಬಂತು. ಒಳ್ಳೆಯದಾಯಿತು ಎಂದು ಅವರು ಪಕ್ಕದಲ್ಲೇ ಕೂತರು.

ಊರಿಗೆ ಬಂದಾಗ ಮನೆಗೆ ಬೀಗ ಹಾಕಿತ್ತು. ಹಾಲಮ್ಮ ಕೆಳಗಿನ ಬೀದಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಪದ್ಧತಿ ಪದ್ಧತಿಯೇ. ಡಾಕ್ಟರು ಹಿರಿಯರ ಜೊತೆ ವಾದ ಮಾಡಿ ನೋಡಿದರು. ಅವಳು ಮಾಡಿದ್ದು ಸರಿ ಎಂದು ಎಲ್ಲರೂ ಒಪ್ಪಿದರು, ಆದರೆ ಆಡಿದ ಮಾತನ್ನು ಆಡಿಲ್ಲವೆನ್ನುವುದಕ್ಕೆ ಈ ಊರಿನಲ್ಲಿ ದಾರಿಯಿಲ್ಲ, ಅದು ದಿನ್ನೆಯ ಮೇಲೆ ಆಗಲೇ ಎರಡು ಸಲ ಮರಳಿ ಬಂದಿತ್ತು. ನನ್ನ ಕೆಲಸ ನನಗೆ ಸಿಕ್ಕಿತು. ನೀರು ಬಿಟ್ಟ ಮೇಲೆ ಕೆಲವರು ಮೊದಲ ಚೊಂಬನ್ನು ಮೂಸಿ ನೋಡುವುದನ್ನು ಕಂಡಿದ್ದೇನೆ. ಕಂಡರೂ ಕಾಣದಂತೆ ಮುಂದಿನ ಬೀದಿಗೆ ಹೋಗುತ್ತೇನೆ. ಮನೆಯಲ್ಲಿ ಒಬ್ಬನೇ. ಅಡುಗೆಮನೆಯಲ್ಲಿ ಆಗಾಗ "ಸೋಪು ಮುಗಿದಿದೆ" ಎಂದು ಕೇಳುತ್ತದೆ. ಅದು ನಿಜವಾದದ್ದು, ಏಳು ವರ್ಷದಿಂದ ಅಲ್ಲೇ ಇದೆ.

ಮಧ್ಯಾಹ್ನ ಹಾಲಮ್ಮ ಬುತ್ತಿ ತೆಗೆದುಕೊಂಡು ಟ್ಯಾಂಕಿನ ಹತ್ತಿರ ಬರುತ್ತಾಳೆ. ಮೆಟ್ಟಿಲಿಗೆ ಸೂರಿಲ್ಲ, ಹಾಗಾಗಿ ಹಿರಿಯರು ಏನೂ ಅನ್ನುವಂತಿಲ್ಲ. ನಾನು ಊಟ ಮಾಡುತ್ತ, ದನಿ ಬಂದಾಗೆಲ್ಲ "ಇದು?" ಎನ್ನುತ್ತೇನೆ. ಅವಳು "ಇಲ್ಲ" ಎನ್ನುತ್ತಾಳೆ. ಕೆಲವು ಸಲ "ಇದು ಕೇಳಿಸ್ತು, ಪಂಪು ರಿಪೇರಿಯೋನು ಹೋದ ವರ್ಷ ಬೈದಿದ್ದಲ್ವಾ" ಎನ್ನುತ್ತಾಳೆ. ಊರಿನವರು ಇದಕ್ಕೆ ಕುಚೋದ್ಯ ಮಾಡುತ್ತಾರೆ, ಎಲ್ಲರೂ ಒಂದು ಸಲ ಬಿಟ್ಟರೆ ಇವಳು ಗಂಡನನ್ನು ದಿನಕ್ಕೆ ನಾಲ್ಕು ಸಲ ಬಿಡುತ್ತಾಳೆ ಎಂದು. ನಗುವುದು ಸುಲಭ. ನಲ್ಲಿಯ ಹತ್ತಿರ ಅವಳ ಪಕ್ಕ ಯಾರೂ ಕೊಡ ಇಡುವುದಿಲ್ಲ, ಆ ಬಾಯಿಯಿಂದ ತಮಗೇನು ಬರುತ್ತದೋ ಎಂದು. ನನ್ನ ದೆಸೆಯಿಂದ ಅವಳೂ ಒಂಟಿಯಾದಳು. ಇದನ್ನು ಹೇಳಿ ಅವಳ ಕೈ ಹಿಡಿಯಬೇಕು ಎಂದು ಎಷ್ಟೋ ಸಲ ಅನ್ನಿಸಿದೆ, ಹೇಳಿಲ್ಲ.

ಡಾಕ್ಟರಿಗೆ ನಾನು ಇಬ್ಬರು ಗಂಡಸರ ವಿಷಯ ಹೇಳಿದ್ದೆ. ಮೂರನೆಯ ದನಿಯೊಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅದು ಹಾಲಮ್ಮನದು. ಟ್ಯಾಂಕಿನ ಮೂರನೆಯ ಮೆಟ್ಟಿಲ ಮೇಲೆ ಕೂತಾಗ ಮಾತ್ರ ಬರುತ್ತಿತ್ತು. "ಸುಸ್ತಾಯ್ತಾ? ಸ್ವಲ್ಪ ಕೂತ್ಕಳ್ಳಿ. ನಾನಿದೀನಲ್ಲ." ಇಷ್ಟೇ. ಜಾಗ ಬಿಟ್ಟು ಹೋಗುತ್ತಿರಲಿಲ್ಲ, ಅಕ್ಷರ ಬದಲಾಗುತ್ತಿರಲಿಲ್ಲ. ಹಾಗಾಗಿ ಎಂದೋ ಒಂದು ದಿನ ನಾನು ಕೆಳಗೆ ಬೀದಿಯಲ್ಲಿದ್ದಾಗ ಅವಳು ಇಲ್ಲಿಗೆ ಬಂದಿದ್ದಳು, ನನ್ನೆದುರು ಆಡಲು ನಾಚಿ, ನನಗಾಗಿ ಇಲ್ಲಿ ಆಡಿಟ್ಟು ಹೋಗಿದ್ದಾಳೆ ಎಂದುಕೊಂಡಿದ್ದೆ. ಆ ಕೆಟ್ಟ ದಿನಗಳಲ್ಲಿ ನಾನು ಕಲ್ಲುಗಣಿಗೆ ಹಾರದೆ ಉಳಿದದ್ದು ಈ ಮೂರು ಮಾತಿನಿಂದ. ಮಾತ್ರೆ ಶುರುವಾದ ಮೇಲೆ ಗಂಡಸರಿಬ್ಬರೂ ಪಕ್ಕದ ಮನೆಯ ರೇಡಿಯೋದಷ್ಟು ದೂರ ಹೋದರು. ಅವರ ಜೊತೆಗೆ ಇದೂ ವಾರದಿಂದ ವಾರಕ್ಕೆ ತೆಳ್ಳಗಾಗುತ್ತ ಬಂತು. ಇದೂ ನನ್ನದೇ ಎಂದು ನನಗೆ ಅರ್ಥವಾಯಿತು. ಅರ್ಥವಾಗಬಾರದಿತ್ತು ಅನ್ನಿಸಿ ಎರಡು ದಿನ ಮಾತ್ರೆಯನ್ನು ನುಂಗದೆ ಮಣ್ಣಿನಲ್ಲಿ ಹೂತೆ. ಅವಳ ದನಿ ಸ್ಪಷ್ಟವಾಗಿ ಬಂತು. ಮೂರನೆಯ ದಿನ ಬೆಳಿಗ್ಗೆ ವಾಲ್ವಿಗೆ ಕೈ ಹಾಕಿದರೆ, "ಬಂದ ನೋಡು" ಎಂದು ಅವರೂ ಬಂದರು. ಅವತ್ತು ಮಧ್ಯಾಹ್ನ ಹಾಲಮ್ಮ ಬರುವುದನ್ನೇ ಕಾಯುತ್ತ ಆ ಮೆಟ್ಟಿಲ ಮೇಲೆ ಕೂತೆ.

ಅವಳು ಬಂದು ಬುತ್ತಿಯ ಮುಚ್ಚಳ ತೆಗೆದಳು. ಅದು ಬಂತು. ನಾನು "ಇದು?" ಎಂದೆ. ಅವಳು ಯಾವಾಗಿನಂತೆ "ಇಲ್ಲ" ಎಂದು ರೊಟ್ಟಿ ಮುರಿದಳು. ನಾನು ಕೈ ಚಾಚಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದಳು.

"ಯಾರಿದ್ರು?" ಎಂದಳು.

"ನೀನೇ" ಎಂದೆ.

ಅವಳು ರೊಟ್ಟಿಯನ್ನು ಮತ್ತೆ ಬುತ್ತಿಗಿಟ್ಟಳು. "ಏನಂದೆ ನಾನು?"

ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಬೇರೆ ಹೆಂಗಸಿನ ಸಂಗ ಮಾಡಿ ಸಿಕ್ಕಿಬಿದ್ದವನ ಹಾಗೆ. ಎರಡು ದಿನ ಮಾತ್ರೆ ಬಿಟ್ಟದ್ದನ್ನೂ ಯಾಕೆಂದೂ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಅಷ್ಟೇನಾ?" ಎಂದಳು. ಅಷ್ಟೇ ಎಂದೆ. "ನಾನು ಯಾವತ್ತೂ ಅಂದಿಲ್ಲ ಇದನ್ನ" ಎಂದಳು. ಗೊತ್ತು ಎಂದೆ.

ಎದ್ದು ದಿನ್ನೆಯ ಮೇಲೆ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದಳು. ಆಮೇಲೆ ಮೂರನೆಯ ಮೆಟ್ಟಿಲ ಹತ್ತಿರ ಬಗ್ಗಿ, ಕಿವುಡರ ಜೊತೆ ಮಾತಾಡುವವರಂತೆ ಕಲ್ಲಿಗೆ ಬಾಯಿಯಿಟ್ಟು, "ಸುಸ್ತಾಯ್ತಾ" ಎಂದಳು. ನನಗೆ ಕೇಳುತ್ತಿದ್ದ ದನಿಗಿಂತ ಒರಟಾಗಿತ್ತು. "ಸ್ವಲ್ಪ ಕೂತ್ಕಳ್ಳಿ" ಎಂದಳು. ಮೂರನೆಯದಕ್ಕೆ ತಡೆದಳು. "ನಾನಿದೀನಲ್ಲ" ಎಂದು ಕೊನೆಗೆ ಅಂದೇ ಬಿಟ್ಟಳು. ಅಂದವಳೇ, ನನ್ನ ಕಡೆ ತಿರುಗದೆ, "ಮಾತ್ರೆ ತಗಳ್ಳಿ ಮೊದ್ಲು" ಎಂದಳು. ಅದನ್ನೂ ಅಲ್ಲೇ ಅಂದಳು, ಹಾಗಾಗಿ ಬರುವಾಗ ಅದೂ ಜೊತೆಗೇ ಬರುತ್ತದೆ. ಅತ್ತಿಗೆ ಕಾಯುತ್ತಿರುತ್ತಾಳೆ ಎಂದು ಬುತ್ತಿ ಅಲ್ಲೇ ಬಿಟ್ಟು ಇಳಿದು ಹೋದಳು.

ಅಂದಿನಿಂದ ಮಾತ್ರೆ ತಪ್ಪಿಸಿಲ್ಲ. ತಿಂಗಳೊಳಗೆ ಆ ಹಳೆಯ ದನಿ ಹೊರಟುಹೋಯಿತು, ಅದು ಹೋದ ದಿನ ನನಗೆ ಯಾರೋ ಸತ್ತಷ್ಟು ಸಂಕಟವಾಯಿತು. ಈಗ ಆ ಮೆಟ್ಟಿಲ ಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಐದು ತಿಂಗಳಾಯಿತು, ಅವಳು ಆಡಿದ್ದು ಇನ್ನೂ ಮರಳಿಲ್ಲ. ನೀರು ಬಿಟ್ಟು ಮುಗಿಸಿ ಬಂದು ಸ್ವಲ್ಪ ಹೊತ್ತು ಅಲ್ಲಿ ಕೂರುತ್ತೇನೆ. ಬಂದರೆ ಹಾಲಮ್ಮನನ್ನು ಕರೆದು ಕೇಳುತ್ತೇನೆ, ಇದು ಕೇಳಿಸಿತೇ ಎಂದು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ.